ಆಟ, ಗೊಬ್ಬು, ಕಳಿ: ಆಟದ ಚಿಕಿತ್ಸೆಯ ಚರಿತ್ರೆಯಲ್ಲಿ ಮಗುವಿನ ಮಾತು

ನನಗಿಂತ ಮೊದಲು ಮಾತಾಡಿದವರು ಗಡಿನಾಡಿನ ಶಾಲೆ, ಮಾಧ್ಯಮ, ಪಠ್ಯಪುಸ್ತಕ, ಅಧ್ಯಾಪಕರ ನೇಮಕಾತಿ ಇವುಗಳ ಬಗ್ಗೆ ವಿವರವಾಗಿ ಹೇಳಿದ್ದಾರೆ. ನಾನು ಸ್ವಲ್ಪ ಬದಿಗೆ ಹೋಗ್ತೇನೆ. 1956ರಿಂದ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಎಪ್ಪತ್ತು ವರ್ಷದಿಂದ ಕಾಸರಗೋಡಿನ ನಾವು ಮಗು ಯಾವ ಭಾಷೆಯಲ್ಲಿ ಓದಬೇಕು ಅಂತ ಮಾತಾಡ್ತಾ ಬಂದಿದ್ದೇವೆ. ಮಗು ಯಾವ ಭಾಷೆಯಲ್ಲಿ ಹೆದರ್ತದೆ, ಯಾವ ಭಾಷೆಯಲ್ಲಿ ಅಳ್ತದೆ, ಆ ಅಳುವನ್ನು ಕೇಳುವವರಿಗೆ ಆ ಭಾಷೆ ಗೊತ್ತುಂಟಾ ಎಂಬುದನ್ನು ಅಷ್ಟಾಗಿ ಕೇಳಿಲ್ಲ. ಆಟದ ಚಿಕಿತ್ಸೆಯ ನೂರು ವರ್ಷದ ಚರಿತ್ರೆಯನ್ನು ಈ ಪ್ರಶ್ನೆ ಇಟ್ಟುಕೊಂಡು ಓದುವುದು ನನ್ನ ಉದ್ದೇಶ. ನಾನು ಮನಶ್ಶಾಸ್ತ್ರದ ವಿದ್ಯಾರ್ಥಿ ಅಲ್ಲ, ಸಾಹಿತ್ಯದ ವಿದ್ಯಾರ್ಥಿ. ಹಾಗಾಗಿ ನನ್ನ ಕಣ್ಣು ಮಾತಿನ ಮೇಲೆಯೇ ಹೋಗ್ತದೆ.

(ಸ್ಲೈಡ್ ಕಾಣ್ತಾ ಇಲ್ಲ ಅಂತ ಚಾಟ್‌ನಲ್ಲಿ ಬಂದಿದೆ. ತೊಂದರೆ ಇಲ್ಲ, ಅದರಲ್ಲಿ ಎರಡು ಚಿತ್ರ ಮಾತ್ರ ಇರುವುದು.)

ಮೊದಲು ಹೆಸರು. ಪ್ಲೇ ಥೆರಪಿಗೆ 'ಕ್ರೀಡಾ ಚಿಕಿತ್ಸೆ' ಅಂದರೆ ಕಬಡ್ಡಿ ಆಡಿ ಕಾಲು ಉಳುಕಿದವನಿಗೆ ಎಣ್ಣೆ ತಿಕ್ಕುವ ಕೆಲಸದ ಹಾಗೆ ಕೇಳ್ತದೆ. 'ಆಟದ ಚಿಕಿತ್ಸೆ' ವಾಸಿ. ಆದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ 'ನಿನ್ನೆ ಆಟಕ್ಕೆ ಹೋಗಿದ್ದೆ' ಅಂದರೆ ಯಕ್ಷಗಾನ ನೋಡಿ ನಿದ್ದೆಗೆಟ್ಟು ಬಂದಿದ್ದೇನೆ ಅಂತ ಅರ್ಥ. ಪಾರ್ತಿಸುಬ್ಬನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಳುವಿನಲ್ಲಿ ಮಕ್ಕಳು ಆಡುವುದು ಗೊಬ್ಬು, ಯಕ್ಷಗಾನ ಆಟ. ಮಲಯಾಳದಲ್ಲಿ ಎರಡೂ ಕಳಿ: ಮಕ್ಕಳದ್ದೂ ಕಳಿ, ಕಥಕಳಿಯೂ ಕಳಿ, ಪೂರಕ್ಕಳಿಯೂ ಕಳಿ. ನಮ್ಮ ಊರಿನ ಐದು ವರ್ಷದ ಒಂದು ಮಗುವಿನ ಬಾಯಲ್ಲಿ ಈ ಮೂರು ಶಬ್ದಗಳೂ ಇರ್ತವೆ. ಯಾವುದನ್ನು ಯಾರ ಹತ್ತಿರ ಹೇಳಬೇಕು ಅಂತಲೂ ಅದಕ್ಕೆ ಗೊತ್ತಿರ್ತದೆ.

ಆಟದ ಚಿಕಿತ್ಸೆ ಅಂದರೆ ಆಟದ ಮೂಲಕ ಪಾಠ ಕಲಿಸುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಾಡಿದ ಪ್ರಯೋಗಗಳನ್ನು ಇದಕ್ಕೆ ಸೇರಿಸಬಹುದಾ ಅಂತ ನನ್ನ ಮಾರ್ಗದರ್ಶಕರೂ ಕೇಳಿದರು. ಅದು ಶಿಕ್ಷಣ, ದೊಡ್ಡ ಕೆಲಸ, ಆದರೆ ಬೇರೆ ಕೆಲಸ. ಆಟದ ಚಿಕಿತ್ಸೆಯಲ್ಲಿ ಒಂದು ಕೋಣೆ ಇರ್ತದೆ, ಆರಿಸಿ ಇಟ್ಟ ಕೆಲವು ಆಟದ ಸಾಮಾನು, ವಾರಕ್ಕೊಮ್ಮೆ ನಿಗದಿಯಾದ ಹೊತ್ತು, ತರಬೇತಿ ಪಡೆದ ಒಬ್ಬರು ದೊಡ್ಡವರು. ಸಾವು, ಹೊಡೆತ, ಆಸ್ಪತ್ರೆ, ಅಪ್ಪ ಅಮ್ಮ ಬೇರೆಯಾದದ್ದು, ಇಂಥದನ್ನು ಮಾತಲ್ಲಿ ಹೇಳಲಾಗದ ಮಗು ಗೊಂಬೆ, ಮರಳು, ಬಣ್ಣದಲ್ಲಿ ಅದನ್ನು ಹೊರಗೆ ಹಾಕ್ತದೆ. ಹಾಕಿದ್ದನ್ನು ಒಬ್ಬರು ಹೆದರದೆ, ಬೈಯದೆ ನೋಡ್ತಾರೆ. ಅದರಿಂದ ಮಗುವಿನ ಭಯ ಇಳೀತದೆ, ಬೇರೆ ಮಕ್ಕಳ ಜೊತೆ ಬೆರೆಯಲಿಕ್ಕೆ ಜಾಗ ಆಗ್ತದೆ. ನೋಡಿದವರು ಆಮೇಲೆ ಏನು ಹೇಳಬೇಕು ಎಂಬಲ್ಲಿ ಇದರ ಚರಿತ್ರೆಯ ಜಗಳವೆಲ್ಲ ಹುಟ್ಟಿದ್ದು.

ಸಿಗ್ಮಂಡ್ ಫ್ರಾಯ್ಡ್ 1920ರ ಒಂದು ಪುಸ್ತಕದಲ್ಲಿ ಒಂದೂವರೆ ವರ್ಷದ ತನ್ನ ಮೊಮ್ಮಗನ ಆಟವನ್ನು ವಿವರಿಸ್ತಾನೆ. ಮಗು ದಾರ ಕಟ್ಟಿದ ಮರದ ರೀಲನ್ನು ಪರದೆ ಹಾಕಿದ ತನ್ನ ಮಂಚದಾಚೆ ಎಸೀತದೆ, 'ಓ-ಓ-ಓ' ಅಂತದೆ. ದಾರ ಹಿಡಿದು ಎಳೆದು, ರೀಲು ಕಂಡ ಕೂಡಲೇ 'ಡಾ' ಅಂತದೆ. 'ಓ' ಅಂದರೆ 'ಫೋರ್ಟ್' ಅಂತ ಅಜ್ಜನೂ ಮಗುವಿನ ಅಮ್ಮನೂ ಸೇರಿ ನಿಶ್ಚಯಿಸಿದರು. ಅದು ಜರ್ಮನ್ ಮಾತು, ನಮ್ಮಲ್ಲಿ 'ಹೋಯ್ತು'. 'ಡಾ' ಅಂದರೆ 'ಇಲ್ಲುಂಟು'. ಅಮ್ಮ ಹೊರಗೆ ಹೋಗುವ ಸಂಕಟವನ್ನು ಮಗು ತನ್ನ ಕೈಯಲ್ಲಿರುವ ಆಟವಾಗಿ ಮಾಡಿಕೊಂಡಿತು ಎಂಬುದು ಫ್ರಾಯ್ಡ್‌ನ ಓದು. ಈ ಪ್ರಸಂಗವನ್ನು ನೂರಾರು ಕಡೆ ಉದ್ಧರಿಸಿದ್ದಾರೆ. ನನಗೆ ಮುಖ್ಯ ಅನ್ನಿಸಿದ್ದು ಇಷ್ಟು: 'ಓ'ವನ್ನು 'ಫೋರ್ಟ್' ಅಂತ ಕೇಳಲಿಕ್ಕೆ ಜರ್ಮನ್ ಆಡುವ ಮನೆ ಬೇಕಿತ್ತು, ಪಕ್ಕದಲ್ಲಿ ಅಮ್ಮ ಬೇಕಿತ್ತು. ಅವಳನ್ನು ಕೇಳದೆ ಅಜ್ಜನೂ ತೀರ್ಮಾನ ಮಾಡಲಿಲ್ಲ.

ಫ್ರಾಯ್ಡ್ ನೋಡಿದ್ದು ಮಾತ್ರ, ಚಿಕಿತ್ಸೆ ಮಾಡಿದ್ದಲ್ಲ. ಮಕ್ಕಳ ಮನೆಗೇ ಹೋಗಿ ಅವರ ಆಟದೊಳಗೆ ಸೇರಿದ ಮೊದಲಿಗರಲ್ಲಿ ವಿಯೆನ್ನಾದ ಶಾಲಾ ಅಧ್ಯಾಪಕಿ ಹರ್ಮಿನ್ ಹುಗ್-ಹೆಲ್ಮುಟ್ ಒಬ್ಬರು. ಅವರು ತನ್ನ ಸೋದರಿಯ ಮಗನನ್ನು ಚಿಕ್ಕಂದಿನಿಂದ ಗಮನಿಸಿ ಬರೆದಿದ್ದರು. 1924ರಲ್ಲಿ ಅದೇ ಹುಡುಗನ ಕೈಯಿಂದ ಕೊಲೆಯಾದರು. ಕಾರಣಗಳು ಹಲವು ಇರಬಹುದು, ಅದರೊಳಗೆ ನಾನು ಹೋಗುವುದಿಲ್ಲ. ಮನೆಯ ಮಗುವನ್ನು ಅಧ್ಯಯನದ ಸಾಮಗ್ರಿ ಮಾಡುವಾಗ ಮಾತ್ರ ಈ ಹೆಸರು ನೆನಪಿಟ್ಟುಕೊಳ್ಳುವುದು ಒಳ್ಳೇದು. ಮುಂದೆ ನಾನೂ ಮನೆಯ ಒಂದು ಮಗುವಿನ ವಿಷಯ ಹೇಳ್ತೇನೆ. ಅದರ ಅಮ್ಮನ ಒಪ್ಪಿಗೆ ಪಡೆದಿದ್ದೇನೆ, ಗುರುತು ಹೇಳುವುದಿಲ್ಲ.

ಆಟದ ಸಾಮಾನಿನ ಪೆಟ್ಟಿಗೆ ಬಂದದ್ದು ಮೆಲಾನಿ ಕ್ಲೈನ್ ಅವರಿಂದ. 1923ರ ಸುಮಾರಿಗೆ ಬರ್ಲಿನ್‌ನಲ್ಲಿ ಅವರ ಹತ್ತಿರ ಏಳು ವರ್ಷದ ಒಬ್ಬ ಹುಡುಗಿ ಬರ್ತಿದ್ದಳು. ಶಾಲೆ ಅಂದರೆ ಆಗದು, ಕ್ಲೈನ್ ಜೊತೆ ಮಾತೂ ಇಲ್ಲ. ಒಂದು ದಿನ ಕ್ಲೈನ್ ಎದ್ದು ತನ್ನ ಮಕ್ಕಳ ಕೋಣೆಗೆ ಹೋಗಿ ಸಣ್ಣ ಕಾರು, ಪುಟ್ಟ ಗೊಂಬೆ, ಕೆಲವು ಮರದ ತುಂಡು, ಒಂದು ರೈಲು ಇಷ್ಟನ್ನು ಪೆಟ್ಟಿಗೆಗೆ ಹಾಕಿ ತಂದರು. ಹುಡುಗಿ ಆಡಲಿಕ್ಕೆ ತೊಡಗಿದಳು. ಆಮೇಲೆ ಕ್ಲೈನ್ ಪ್ರತಿ ಮಗುವಿಗೂ ಬೇರೆ ಬೇರೆ, ಬೀಗ ಹಾಕುವ ಡ್ರಾಯರ್ ಕೊಡುವ ಪದ್ಧತಿ ಮಾಡಿದರು. ಒಬ್ಬರ ಸಾಮಾನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಈ ಬೀಗ ನನಗೆ ಬಹಳ ಇಷ್ಟ. ಕ್ಲೈನ್ ಅವರ ವ್ಯಾಖ್ಯಾನ ಅಷ್ಟು ಇಷ್ಟ ಇಲ್ಲ. ದೊಡ್ಡವರ ಕನಸಿಗೆ ಅರ್ಥ ಹೇಳುವ ಹಾಗೆ ಅವರು ಮಗುವಿನ ಆಟದ ಪ್ರತಿ ಚಲನೆಗೂ ಅರ್ಥ ಹೇಳಿದರು, ಅದನ್ನು ಮಗುವಿನ ಎದುರಿಗೇ ಹೇಳಿದರು. ಕಾವ್ಯಕ್ಕೆ ಟೀಕೆ ಬರೆಯುವವರಲ್ಲಿ ಕೆಲವರು ಹೀಗೆ ಇರ್ತಾರೆ: ಒಂದು ಅಕ್ಷರವನ್ನೂ ಬಿಡುವುದಿಲ್ಲ.

ಇದಕ್ಕೆ ವಿಯೆನ್ನಾದಿಂದ ಆಕ್ಷೇಪ ಬಂತು. ಫ್ರಾಯ್ಡ್‌ನ ಮಗಳು ಆನ್ನಾ ಫ್ರಾಯ್ಡ್ 1927ರಲ್ಲಿ ಬರೆದದ್ದನ್ನು ನನ್ನ ಮಾತಲ್ಲಿ ಹೇಳ್ತೇನೆ. ಮಗು ಆಟದಲ್ಲಿ ದೀಪದ ಕಂಬ ಬೀಳಿಸಿತು ಅಂತ ಇಟ್ಟುಕೊಳ್ಳಿ. ಅದರಲ್ಲಿ ಅಪ್ಪನ ಮೇಲಿನ ಸಿಟ್ಟು ಹುಡುಕುವ ಮೊದಲು, ನಿನ್ನೆ ಬೀದಿಯಲ್ಲಿ ಅದು ಅಂಥದ್ದೇನಾದರೂ ನೋಡಿರಬಹುದಾ ಅಂತ ಕೇಳಬೇಡವೇ? ಇಬ್ಬರ ಈ ವಾದ ಲಂಡನ್‌ಗೂ ಹೋಯಿತು; ಕ್ಲೈನ್ 1926ರಲ್ಲಿ ಅಲ್ಲಿಗೆ ಹೋದರೆ, ನಾಜಿಗಳಿಂದ ತಪ್ಪಿಸಿಕೊಂಡು ಫ್ರಾಯ್ಡ್ ಕುಟುಂಬ 1938ರಲ್ಲಿ ಹೋಯಿತು. ಜರ್ಮನ್ ಆಡುವ ಇಬ್ಬರು ಹೆಂಗಸರು ಇಂಗ್ಲಿಷ್ ಮಕ್ಕಳ ಆಟದ ಅರ್ಥದ ಬಗ್ಗೆ ವರ್ಷಗಟ್ಟಲೆ ವಾದ ಮಾಡಿದರು. ನಮಗೆ ಆನ್ನಾ ಫ್ರಾಯ್ಡ್ ಅವರ ಪ್ರಶ್ನೆ ಸಾಕು: ಮಗು ನಿನ್ನೆ ನೋಡಿದ್ದು ಏನು?

ಈ ಪ್ರಶ್ನೆ ನಮ್ಮಲ್ಲಿ ಯಾಕೆ ದೊಡ್ಡದು ಎಂಬುದಕ್ಕೆ ಒಂದು ಉದಾಹರಣೆ. ನನ್ನ ದೊಡ್ಡಮ್ಮನ ಮಗಳು, ಅಂದರೆ ನನ್ನ ಅಕ್ಕ, ಅವಳ ಮಗನಿಗೆ ಆಗ ಐದು ವರ್ಷ. ದೊಡ್ಡಪ್ಪ, ಎಂದರೆ ಅವನ ಅಜ್ಜ, ತೀರಿಹೋದ ಮೇಲೆ ಅವನು ಶಾಲೆಯಲ್ಲಿ ಮಾತು ಬಿಟ್ಟ. ಮನೆಯಲ್ಲಿ ತುಳು, ಕನ್ನಡ ಎರಡರಲ್ಲೂ ಮಾತು ನಿಲ್ಲುವುದಿಲ್ಲ; ಶಾಲೆಯ ಮೆಟ್ಟಿಲು ಹತ್ತಿದರೆ ಬಾಯಿ ಮುಚ್ಚಿತು. ಯಾರೋ ಹೇಳಿದರು ಅಂತ ಪೇಟೆಯ ಒಂದು ಕೇಂದ್ರಕ್ಕೆ ಕರೆದುಕೊಂಡು ಹೋದರು, ಜೊತೆಗೆ ನಾನೂ ಇದ್ದೆ. ಅಲ್ಲಿ ಆಟದ ಕೋಣೆ ಇತ್ತು, ಒಳ್ಳೆ ಸಾಮಾನುಗಳಿದ್ದವು. ಅಲ್ಲಿದ್ದ ಮೇಡಂ ಮೃದುವಾದ ಜನ, ಆದರೆ ಮಲಯಾಳ ಮಾತ್ರ ಬರ್ತಿತ್ತು. 'ಇದೆಂದಾ ಮೋನೇ?' ಅಂತ ಒಂದೊಂದು ಗೊಂಬೆ ತೋರಿಸಿ ಕೇಳಿದರು. ಅವನು ಉತ್ತರ ಕೊಡಲಿಲ್ಲ. ಒಂದು ತುಂಡು ಬಟ್ಟೆ ತಲೆಗೆ ಸುತ್ತಿಕೊಂಡ. ಎರಡು ಕೋಲನ್ನು ತಲೆಯ ಎರಡು ಬದಿಗೆ ಹಿಡಿದು ಅಬ್ಬರಿಸಿದ. ಆಮೇಲೆ ಒಂದು ಗೊಂಬೆಯನ್ನು ಕೋಲಿನಿಂದ ಹೊಡೆದು ಹೊಡೆದು ಮಲಗಿಸಿದ, ಬಟ್ಟೆ ಮುಚ್ಚಿದ. ಕೊನೆಗೆ ಆಟದ ಲೋಟ ಒಂದನ್ನು ತಂದು ಗೊಂಬೆಯ ಹತ್ತಿರ ಇಟ್ಟ. ಅಕ್ಕನ ಕೈಗೆ ಕೊಟ್ಟ ಕಾಗದದಲ್ಲಿ ಎರಡು ವಿಷಯ ಬರೆದಿದ್ದರು: ಮಾತಿನ ಬೆಳವಣಿಗೆ ನಿಧಾನ, ಆಟದಲ್ಲಿ ಆಕ್ರಮಣ ಜಾಸ್ತಿ.

ಇಲ್ಲಿ ಕೂತಿರುವ ಕರಾವಳಿಯವರಿಗೆ ಆ ಎರಡು ಕೋಲು ಎಂತದ್ದು ಅಂತ ಆಗಲೇ ಗೊತ್ತಾಗಿರಬೇಕು. ಅದು 'ದೇವಿ ಮಹಾತ್ಮೆ'ಯ ಮಹಿಷಾಸುರ. ಜನರ ನಡುವಿನಿಂದ ದೊಂದಿ ಹಿಡಿದು ಆರ್ಭಟಿಸಿಕೊಂಡು ರಂಗಕ್ಕೆ ಬರುವ ಆ ಬಣ್ಣದ ವೇಷವನ್ನು ನೋಡಿ ಹೆದರದ ಮಗು ನಮ್ಮ ಕಡೆ ಇಲ್ಲ. ಇವನೂ ಹೆದರಿ ಅತ್ತಿದ್ದನಂತೆ. ದೊಡ್ಡಪ್ಪ ಅವನನ್ನು ಎತ್ತಿಕೊಂಡು ಚೌಕಿಗೆ ಹೋಗಿ, ದೇವಿಯ ಕೈಯಲ್ಲಿ ಆಗಷ್ಟೆ ಸತ್ತ ಮಹಿಷಾಸುರ ಕಿರೀಟ ತೆಗೆದಿಟ್ಟು ಚಾ ಕುಡಿಯುವುದನ್ನು ತೋರಿಸಿದ್ದರು. ಸತ್ತವ ಚಾ ಕುಡೀತಾನೆ! ಅಜ್ಜನನ್ನು ಬಟ್ಟೆ ಮುಚ್ಚಿ ಅಂಗಳದಲ್ಲಿ ಮಲಗಿಸಿದ್ದನ್ನೂ ಅವನು ನೋಡಿದ್ದ. ಆಮೇಲೆ ಅಜ್ಜ ಚಾ ಕುಡಿಯಲಿಕ್ಕೆ ಏಳಲಿಲ್ಲ. ಕೋಲು ಕಾಗದಕ್ಕೆ ಬಂತು, ಲೋಟ ಬರಲಿಲ್ಲ.

ಆ ಮೇಡಂ ಅವರ ಮೇಲೆ ನನಗೆ ದೂರಿಲ್ಲ. ಅವರಿಗೆ ಲೋಟ ಕಾಣಲಿಕ್ಕೆ ಕನ್ನಡದ ಜೊತೆಗೆ ಚೌಕಿಯೂ ಗೊತ್ತಿರಬೇಕಿತ್ತು. ಬೆಂಗಳೂರಿನಿಂದ ಬಂದ ಕನ್ನಡದವರಿಗೂ ಅದು ಕಾಣದೆ ಹೋಗಬಹುದಿತ್ತು. ಆದರೆ ಅಕ್ಕ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಅವಳನ್ನು ಒಳಗೆ ಕರೆದು ಒಂದು ಮಾತು ಕೇಳಬಹುದಿತ್ತು. ಫ್ರಾಯ್ಡ್ ತನ್ನ ಮಗಳನ್ನು ಕೇಳಿದ್ದ.

ಸತ್ತವರನ್ನು ಆಟದಲ್ಲಿ ಎಬ್ಬಿಸುವುದು ನಮ್ಮೂರಿನ ಮಗುವಿನ ವಿಶೇಷ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಆನ್ನಾ ಫ್ರಾಯ್ಡ್ ಮತ್ತು ಡೊರೋಥಿ ಬರ್ಲಿಂಗ್‌ಹ್ಯಾಮ್ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಆಶ್ರಯಗಳನ್ನು ನಡೆಸಿದರು. ಅಲ್ಲಿಯ ಟಿಪ್ಪಣಿಗಳಲ್ಲಿ ಬರ್ಟಿ ಎಂಬ ಹೆಸರಿನಿಂದ ನಾಲ್ಕು ವರ್ಷದ ಹುಡುಗನೊಬ್ಬ ಬರ್ತಾನೆ. ಅಪ್ಪ ಬಾಂಬ್ ದಾಳಿಯಲ್ಲಿ ಸತ್ತಿದ್ದ. ಹುಡುಗ ಕಾಗದದ ಮನೆ ಮಾಡಿ, ಗೋಲಿಗಳನ್ನು ಬಾಂಬಿನ ಹಾಗೆ ಬೀಳಿಸ್ತಿದ್ದ. ಬೇರೆ ಮಕ್ಕಳೂ ಯುದ್ಧದ ಆಟ ಆಡ್ತಿದ್ದರು, ಆದರೆ ಇವನ ಆಟದಲ್ಲಿ ಪ್ರತಿ ಸಲವೂ ಜನ ಹೇಗೋ ಬದುಕಿ ಉಳೀತಿದ್ದರು, ಮನೆ ಮತ್ತೆ ಎದ್ದು ನಿಲ್ತಿತ್ತು. ಆ ನಿರಾಕರಣೆ ಪೂರ್ತಿ ಗೆಲ್ಲುವುದಿಲ್ಲ, ಅದಕ್ಕೆ ಆಟ ಮುಗಿಯುವುದೇ ಇಲ್ಲ ಅಂತ ಅವರು ಬರೀತಾರೆ. ಎಷ್ಟೋ ತಿಂಗಳು ಕಳೆದ ಮೇಲೆ ಅವನೇ ನಡೆದದ್ದನ್ನು ಬಾಯಿಬಿಟ್ಟು ಹೇಳಿದ. ಅಷ್ಟು ದಿನ ಯಾರೂ ಅವನನ್ನು ತಿದ್ದಲಿಕ್ಕೆ ಹೋಗದೆ ಆಟ ಆಡಲಿಕ್ಕೆ ಬಿಟ್ಟದ್ದು ಅಲ್ಲಿ ನಡೆದ ದೊಡ್ಡ ಕೆಲಸ.

ಈಗ ಮಾರ್ಗರೆಟ್ ಲೋವೆನ್‌ಫೆಲ್ಡ್. ಗಡಿನಾಡಿನವರಿಗೆ ಈ ಚರಿತ್ರೆಯಲ್ಲಿ ತೀರಾ ಹತ್ತಿರದವರು ಯಾರು ಅಂದರೆ ಇವರು. ಲಂಡನ್ನಿನಲ್ಲಿ ಹುಟ್ಟಿದ ಮಕ್ಕಳ ವೈದ್ಯೆ, ತಂದೆಯ ಮೂಲ ಪೋಲೆಂಡ್. ಮೊದಲ ಮಹಾಯುದ್ಧ ಮುಗಿದ ಮೇಲೆ ಅವರು ಪೋಲೆಂಡಿಗೆ ಹೋಗಿ ವೈದ್ಯಕೀಯ ಪರಿಹಾರದ ಕೆಲಸ ಮಾಡಿದರು. ಹಲವು ಭಾಷೆಗಳ ನಡುವೆ, ಭಯಂಕರವಾದದ್ದನ್ನು ನೋಡಿ ಬಂದವರ ಜೊತೆ ಕೆಲಸ ಮಾಡುವಾಗ, ಮಾತು ಎಂಬುದು ಎಲ್ಲವನ್ನೂ ಹೊರುವುದಿಲ್ಲ ಎಂಬ ಅನುಭವ ಅವರಿಗೆ ಆಯ್ತು. 1928ರಲ್ಲಿ ಲಂಡನ್ನಿನಲ್ಲಿ ಮಕ್ಕಳ ಕ್ಲಿನಿಕ್ ತೆರೆದರು. ಎಚ್. ಜಿ. ವೆಲ್ಸ್ ತನ್ನ ಮಕ್ಕಳ ಜೊತೆ ನೆಲದ ಮೇಲೆ ಆಡುತ್ತಿದ್ದ ಆಟಗಳ ಬಗ್ಗೆ 1911ರಲ್ಲಿ ಬರೆದ ಪುಸ್ತಕ ಅವರ ತಲೆಯಲ್ಲಿತ್ತು. ಪುಟ್ಟ ಮನೆ, ಮರ, ಪ್ರಾಣಿ, ಮನುಷ್ಯರ ಗೊಂಬೆಗಳನ್ನು ಒಟ್ಟುಮಾಡಿ ಇಟ್ಟರು. ಕೋಣೆಯಲ್ಲಿ ಮರಳು ಹಾಕಿದ ತಗಡಿನ ತಟ್ಟೆಗಳೂ ಇದ್ದವು. ಎರಡನ್ನೂ ಸೇರಿಸಿದ್ದು ಮಕ್ಕಳು. ಮರಳಿನಲ್ಲಿ ಕಟ್ಟಿದ್ದಕ್ಕೆ 'ವರ್ಲ್ಡ್', ಲೋಕ, ಅಂತ ಹೆಸರಿಟ್ಟದ್ದೂ ಮಕ್ಕಳೇ. ಈ ಶ್ರೇಯಸ್ಸನ್ನು ಲೋವೆನ್‌ಫೆಲ್ಡ್ ಕೊನೆಯವರೆಗೂ ಮಕ್ಕಳಿಗೇ ಕೊಟ್ಟರು.

ಅವರ ಪ್ರಕಾರ ಮಗುವಿನ ಲೋಕಕ್ಕೆ ಅರ್ಥ ಹೇಳುವ ಅವಸರ ಬೇಡ. ಇದು ಏನು, ಇದು ಯಾಕೆ ಇಲ್ಲಿದೆ ಅಂತ ಮಗುವನ್ನೇ ಕೇಳಬೇಕು. ಮಾತಿಲ್ಲದ ಭಾಷೆ ಸಿಕ್ಕಿತು, ಇನ್ನು ಯಾವ ಊರಿನ ಮಗುವಿಗೂ ಸಾಕು ಅಂತ ಅನ್ನಿಸಬಹುದು. ಪೂರ್ತಿ ಹಾಗಿಲ್ಲ. ಆ ಕಪಾಟಿನಲ್ಲಿ ಏನಿದೆ ಎಂಬುದೂ ಭಾಷೆಯೇ. ನಾನು ಕಂಡ ಆಟದ ಕೋಣೆಯಲ್ಲಿ ಕೋಟೆ ಇತ್ತು, ಹಿಮಕರಡಿ ಇತ್ತು; ಅಡಿಕೆ ಮರ, ತುಳಸಿಕಟ್ಟೆ, ಗುಳಿಗನ ಕಟ್ಟೆ ಇರಲಿಲ್ಲ. ಜಪಾನಿನಲ್ಲಿ ಬೇರೆಯೇ ಆಯ್ತು. ಲೋವೆನ್‌ಫೆಲ್ಡ್ ಹತ್ತಿರ ಕಲಿತ ಸ್ವಿಸ್ ಮಹಿಳೆ ಡೋರಾ ಕಾಲ್ಫ್ ಈ ವಿಧಾನವನ್ನು ಯುಂಗ್‌ನ ವಿಚಾರಗಳ ಜೊತೆ ಸೇರಿಸಿ ಬೆಳೆಸಿದ್ದರು. ಹಯಾವೊ ಕವಾಯ್ 1965ರಲ್ಲಿ ಸ್ವಿಟ್ಜರ್ಲೆಂಡಿನಿಂದ ಅದನ್ನು ತಂದಾಗ ಅದಕ್ಕೆ 'ಹಕೊನಿವಾ' ಚಿಕಿತ್ಸೆ ಅಂದರು. ಹಕೊನಿವಾ ಅಂದರೆ ತಟ್ಟೆಯೊಳಗೆ ಪುಟ್ಟ ತೋಟ ಮಾಡುವ ಅಲ್ಲಿಯ ಹಳೇ ರೂಢಿ. ಹೆಸರು ಕೇಳಿದ ಕೂಡಲೇ ಜನರಿಗೆ ಇದು ನಮ್ಮದೇ ಅನ್ನಿಸಿತು. ಅಲ್ಲಿ ಅದು ಊರಿಕೊಂಡಿತು. ಒಳ್ಳೆ ಅನುವಾದ ಅಂದರೆ ಇದು.

ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಅವರ 1947ರ 'ಪ್ಲೇ ಥೆರಪಿ' ಪುಸ್ತಕ ಇವತ್ತು ಜಗತ್ತಿನಾದ್ಯಂತ ನಡೆಯುವ ತರಬೇತಿಯ ತಳಪಾಯಗಳಲ್ಲಿ ಒಂದು. ಕಾರ್ಲ್ ರಾಜರ್ಸ್ ದೊಡ್ಡವರಿಗೆ ಹೇಳಿದ್ದನ್ನು ಅವರು ಮಕ್ಕಳಿಗೆ ತಂದರು. ಎಂಟು ತತ್ತ್ವ ಕೊಟ್ಟಿದ್ದಾರೆ. ಎಂಟನ್ನೂ ಹೇಳುವ ಹೊತ್ತಿಲ್ಲ. ಮಗು ಮುಂದೆ ಹೋಗಬೇಕು, ದೊಡ್ಡವರು ಹಿಂದೆ, ಅವಸರ ಮಾಡಬಾರದು, ತೀರಾ ಬೇಕಾದ ಮಿತಿಗಳು ಮಾತ್ರ ಇರಬೇಕು. ಇನ್ನೊಂದು, ಮಗು ತೋರಿಸಿದ ಭಾವನೆಯನ್ನು ಗುರುತಿಸಿ ಅದಕ್ಕೇ ತಿರುಗಿ ಹೇಳಬೇಕು, ಕನ್ನಡಿ ಹಿಡಿದ ಹಾಗೆ.

ಗಡಿಯಲ್ಲಿ ಈ ತತ್ತ್ವ ಸಿಕ್ಕಿಬೀಳ್ತದೆ. ಕನ್ನಡಿ ಯಾವ ಭಾಷೆಯಲ್ಲಿ? 'ಬೇಜಾರು' ಎಂಬ ಒಂದು ಶಬ್ದ ತಗೊಳ್ಳಿ. ನಮ್ಮ ಮಗುವಿಗೆ ಆಡಲಿಕ್ಕೆ ಜನ ಇಲ್ಲದಿದ್ದರೆ ಬೇಜಾರು, ಅಮ್ಮ ಬೈದರೆ ಬೇಜಾರು, ಅಜ್ಜ ಸತ್ತರೂ ಬೇಜಾರು. ಯಾವ ಬೇಜಾರು ಅಂತ ತಿಳಿಯಲಿಕ್ಕೆ ಮಗು ಹೇಳಿದ ಧಾಟಿ ಕೇಳಬೇಕು. 'ಸಂಕಟ' ಇನ್ನೂ ಕಷ್ಟ. ಮಲಯಾಳದಲ್ಲಿ ಸಂಗಡಂ ಅಂದರೆ ದುಃಖ. ನಮ್ಮಲ್ಲಿ ದುಃಖಕ್ಕೂ ಸಂಕಟ, ಹೊಟ್ಟೆನೋವಿಗೂ 'ಹೊಟ್ಟೆ ಸಂಕಟ'. ಸಣ್ಣ ಮಕ್ಕಳು ಮನಸ್ಸಿನದ್ದನ್ನು ಹೊಟ್ಟೆಯ ಮೇಲೆ ಹಾಕಿ ಹೇಳುವುದು ಬೇರೆ ಉಂಟು. ತುಳುವಿನಲ್ಲಿ ಭಯಕ್ಕೆ 'ಪೋಡಿಗೆ'. ಅದು ಗೊತ್ತಿಲ್ಲದವರು ಅದನ್ನು ತಿರುಗಿ ಹೇಳುವುದಾದರೂ ಹೇಗೆ?

ಇದಕ್ಕೊಂದು ದಾರಿ ಈ ಚರಿತ್ರೆಯೊಳಗೇ ಉಂಟು. ಬರ್ನಾರ್ಡ್ ಗರ್ನಿ 1964ರಲ್ಲಿ ವಿವರಿಸಿದ ವಿಧಾನದಲ್ಲಿ ಚಿಕಿತ್ಸಕರು ಮಗುವಿನ ಜೊತೆ ಕೂರುವ ಬದಲು ಅಪ್ಪ ಅಮ್ಮನಿಗೆ ಕಲಿಸ್ತಾರೆ: ವಾರಕ್ಕೊಮ್ಮೆ ಅರ್ಧ ಗಂಟೆ, ಬೇರೆಯೇ ಇಟ್ಟ ಸಾಮಾನಿನ ಜೊತೆ, ಬೈಯದೆ, ಪಾಠ ಹೇಳದೆ, ಮಗುವಿನ ಹಿಂದೆ ಹೋಗುವುದು ಹೇಗೆ ಅಂತ. ಆಮೇಲೆ ಅವರ ಕೆಲಸವನ್ನು ನೋಡಿ ತಿದ್ದುತ್ತಾರೆ. 2005ರಲ್ಲಿ ಸ್ಯೂ ಬ್ರಾಟನ್ ಮತ್ತು ಸಂಗಡಿಗರು 93 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಆಟದ ಚಿಕಿತ್ಸೆಯ ಸರಾಸರಿ ಪರಿಣಾಮದ ಅಳತೆ 0.80 ಬಂತು. ಇಂಥ ಅಧ್ಯಯನಗಳಲ್ಲಿ ಇದನ್ನು ದೊಡ್ಡದು ಅಂತಲೇ ಹೇಳ್ತಾರೆ. ತಂದೆತಾಯಿ ತರಬೇತಿ ಪಡೆದು ತಾವೇ ಮಾಡಿದಲ್ಲಿ ಅದು ಇನ್ನೂ ಹೆಚ್ಚು. ಆ ಅಧ್ಯಯನಗಳಲ್ಲಿ ಹಲವು ಚಿಕ್ಕವು, ಗುಣಮಟ್ಟದ ಬಗ್ಗೆ ಆಮೇಲೆ ಆಕ್ಷೇಪಗಳೂ ಬಂದಿವೆ. ಹಾಗಾಗಿ ಸಂಖ್ಯೆಯನ್ನು ನಾನು ಎತ್ತಿ ಹಿಡಿಯುವುದಿಲ್ಲ. ಆದರೆ ದಿಕ್ಕು ಗಮನಿಸಿ: ಮಗುವಿನ ಮನೆಮಾತು, ನಿನ್ನೆಯ ಬೀದಿ, ಚೌಕಿಯ ಚಾ ಎಲ್ಲವೂ ಗೊತ್ತಿರುವ ವ್ಯಕ್ತಿ ಈಗಾಗಲೇ ಮನೆಯಲ್ಲೇ ಇದ್ದಾರೆ.

ನಮ್ಮ ಮನೆಯಲ್ಲಿ ಆ ವ್ಯಕ್ತಿ ದೊಡ್ಡಮ್ಮ ಆದರು. ಬೇರೊಂದು ಊರಿನಲ್ಲಿ ಕನ್ನಡ ಬಲ್ಲ ಒಬ್ಬರು ಸಿಕ್ಕಿ, ಅವರು ಅಕ್ಕನಿಗೂ ದೊಡ್ಡಮ್ಮನಿಗೂ ನಾಲ್ಕೈದು ಸಲ ಹೇಳಿಕೊಟ್ಟರು. ದೊಡ್ಡಮ್ಮನಿಗೆ ಕಷ್ಟವಾದದ್ದು ಒಂದೇ, ಸುಮ್ಮನಿರುವುದು. 'ಹಾಗೆಲ್ಲ ಹೊಡೀಬಾರ್ದು ಮಗಾ' ಅಂತ ಬಾಯಿಗೆ ಬರ್ತಿತ್ತಂತೆ. ಹುಡುಗ ಈಗ ಎರಡನೇ ಕ್ಲಾಸು. ಶಾಲೆಯಲ್ಲಿ ಮಾತಾಡ್ತಾನೆ, ಕಡಿಮೆ.

ಇದು ಒಂದು ಮನೆಯ ವಿಷಯ. ಎಂಡೋಸಲ್ಫಾನ್ ಪೀಡಿತ ಅಂತ ಗುರುತಿಸಿದ 11 ಪಂಚಾಯತ್‌ಗಳಲ್ಲಿ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಇವೆಲ್ಲ ಕನ್ನಡ, ತುಳು ಮನೆಮಾತಿನವರು ತುಂಬಾ ಇರುವ ಜಾಗಗಳು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕು ಅಂತ ಆದೇಶಿಸಿತು. ವಿಶೇಷ ಮಕ್ಕಳಿಗಾಗಿ ಬಡ್ಸ್ ಶಾಲೆಗಳಿವೆ. ಆಟದ ಚಿಕಿತ್ಸೆ ಮಿದುಳಿನ, ನರದ ತೊಂದರೆಯನ್ನು ವಾಸಿ ಮಾಡುವುದಿಲ್ಲ. ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಆ ಮಕ್ಕಳಿಗೂ ಭಯ, ಸಿಟ್ಟು ಇದೆ. ಅವರ ಅಣ್ಣ ತಂಗಿಯರಿಗೆ ಇನ್ನೊಂದು ಬಗೆಯ ಒಂಟಿತನ ಇದೆ, ಯಾಕೆಂದರೆ ಮನೆಯವರ ಹೊತ್ತೆಲ್ಲ ಒಬ್ಬರಿಗೇ ಹೋಗಿರ್ತದೆ. ಪರಿಹಾರದ ಮೊತ್ತದ ಚರ್ಚೆಯಲ್ಲಿ ಈ ಎರಡನೇ ಮಗು ಎಲ್ಲೂ ಬರುವುದಿಲ್ಲ.

ಕನ್ನಡ ಎಂ.ಎ. ಮಾಡುವ ನಾವು ಇದರಲ್ಲಿ ಎಂತ ಮಾಡಬಹುದು? ಚಿಕಿತ್ಸೆ ನಮ್ಮ ಕೆಲಸ ಅಲ್ಲ. ಶಬ್ದ ನಮ್ಮ ಕೆಲಸ. ಭಯ, ಸಿಟ್ಟು, ದುಃಖ, ನಾಚಿಕೆ, ಹೊಟ್ಟೆಕಿಚ್ಚು ಇವಕ್ಕೆ ನಮ್ಮ ಪಂಚಾಯತ್‌ಗಳ ಆರೇಳು ವರ್ಷದ ಮಕ್ಕಳು ಕನ್ನಡ, ತುಳು, ಹವ್ಯಕ, ಮರಾಠಿ, ಬ್ಯಾರಿ, ಮಲಯಾಳದಲ್ಲಿ ಯಾವ ಮಾತು ಬಳಸ್ತಾರೆ, ಯಾವ ಆಟ ಆಡ್ತಾರೆ, ಆ ಆಟದಲ್ಲಿ ಸತ್ತವನು ಎದ್ದು ಬರ್ತಾನಾ ಇಲ್ಲವಾ ಎಂಬುದನ್ನು ಅಂಗನವಾಡಿಯವರ, ಅಜ್ಜಿಯರ ಸಹಾಯದಿಂದ ಪಟ್ಟಿಮಾಡಲಿಕ್ಕೆ ಶುರು ಮಾಡಿದ್ದೇನೆ. ಅಲ್ಲಿ ಕೆಲಸ ಮಾಡುವ ಮಲಯಾಳಿ ಸಲಹೆಗಾರರ ಮೇಜಿನ ಮೇಲೆ ಇಡಬಹುದಾದ, ಇಪ್ಪತ್ತು ಪುಟ ಮೀರದ, ಎರಡು ಲಿಪಿಯ ಪುಸ್ತಿಕೆ ಆಗಬೇಕು ಅಂತ ಆಸೆ. ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತ ಕಡೆಯಿಂದ ಇವತ್ತು ಸೇರಿದವರಿದ್ದೀರಿ. 'ಬೇಜಾರು' ಎಂಬುದಕ್ಕೆ ನಿಮ್ಮ ಮಕ್ಕಳು ತಮಿಳು ಮೇಡಂ ಎದುರು, ಮರಾಠಿ ಬಾಯಿಯವರ ಎದುರು ಏನು ಹೇಳ್ತಾರೆ ಅಂತ ನನಗೆ ಬರೆದು ಕಳಿಸಿ. ಚಾಟ್‌ನಲ್ಲಿ ಮೇಲಿಂದ ಮೇಲೆ ಪ್ರಶ್ನೆ ಬರ್ತಾ ಉಂಟು, ಅಧ್ಯಕ್ಷರು ಕೈಯೂ ತೋರಿಸ್ತಾ ಇದ್ದಾರೆ. ಇಲ್ಲಿಗೆ ನಿಲ್ಲಿಸ್ತೇನೆ.